ತುಕ್ಕು ಬಲ್ಲವರ ಹೆಂಡತಿ

ಎಂಟು ತಿಂಗಳು ಅದನ್ನು ನಾವು ಉಷ್ಣ ಎಂದು ಕರೆದೆವು.

ಮುಟ್ಟು ನಿಂತು ಮೂರು ವರ್ಷವಾಗಿತ್ತು. ಒಂದು ದಿನ ಲಂಗದ ಮೇಲೆ ಕಲೆ ಕಂಡಾಗ ನಾನು ಹೆದರಲಿಲ್ಲ, ನಾಚಿಕೊಂಡೆ. ಐವತ್ಮೂರು ವಯಸ್ಸು, ಮದುವೆಯಾಗಿ ದಾವಣಗೆರೆಗೆ ಹೋದ ಮಗಳು, ಈಗ ಇದೇನು ಹೊಸ ಕಾಟ ಎಂದುಕೊಂಡೆ. ಹೊಳಲೂರಿನಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿದರೆ ಅವಳು ಯೋಚನೆಯನ್ನೂ ಮಾಡಲಿಲ್ಲ.

"ಉಷ್ಣ ಕಣೇ ಗಿರಿಜಾ. ದಿನವಿಡೀ ಮಿಷಿನ್ ಮುಂದೆ ಕೂತಿರ್ತೀಯ. ಕೆಳಗಡೆ ಆ ಮೋಟ್ರು ಕಾಯ್ತಿರುತ್ತೆ. ಇನ್ನೇನಾಗುತ್ತೆ ಮತ್ತೆ?"

ಭದ್ರಾವತಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಮೂವತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಯಾರ ತೋಳು ದಪ್ಪವಾಯಿತು, ಯಾರ ಸೊಂಟ ಕರಗಿತು ಎಂದು ಅಳತೆ ಪುಸ್ತಕ ನೋಡದೆ ಹೇಳಬಲ್ಲೆ. ನನ್ನ ಮೈಯ ಬಗ್ಗೆ ಮಾತ್ರ ಅಕ್ಕ ಹೇಳಿದ್ದನ್ನು ನಂಬಿದೆ. ಲಾವಂಚದ ಬೇರು ಹಾಕಿದ ನೀರು ಕುಡಿದೆ. ನೆತ್ತಿಗೆ ಹರಳೆಣ್ಣೆ ತಟ್ಟಿಕೊಂಡೆ. ಬರಿ ಹೊಟ್ಟೆಗೆ ನೆನೆಸಿದ ಮೆಂತ್ಯ ನುಂಗಿದೆ. ಕೆಲವು ದಿನ ರಕ್ತ ತಾನಾಗಿಯೇ ನಿಲ್ಲುತ್ತಿತ್ತು. "ನೋಡ್ದ್ಯಾ, ಇಳೀತು" ಎನ್ನುತ್ತಿದ್ದಳು ಅಕ್ಕ. ಮತ್ತೆ ಶುರುವಾದ ದಿನ ನಾನು ಅಳತೆ ಪುಸ್ತಕದ ಮೂಲೆಯಲ್ಲಿ ಒಂದು ಚುಕ್ಕೆ ಇಡುತ್ತಿದ್ದೆ. ಯಾರಿಗೂ ಹೇಳುತ್ತಿರಲಿಲ್ಲ.

ಅಕ್ಕನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಆ ಮಾತು ನನಗೂ ಬೇಕಾಗಿತ್ತು. ಉಷ್ಣ ಅಂದರೆ ಡಾಕ್ಟರ ಮುಂದೆ ಬಟ್ಟೆ ಬಿಚ್ಚಿ ಮಲಗಬೇಕಾಗಿಲ್ಲ. ಎಳನೀರು ಕುಡಿದರೆ ಸಾಕು. ನನ್ನ ಹಾಗೆ ‘ಉಷ್ಣ’ ಎಂದುಕೊಂಡು ಕೂತಿರುವ ಹೆಂಗಸರು ಈ ಊರಲ್ಲಿ ಎಷ್ಟು ಜನ ಇದ್ದಾರೋ ಎಂದು ಈಗ ಬಸ್ಸಿನಲ್ಲಿ ಕೂತಾಗಲೆಲ್ಲ ಯೋಚಿಸುತ್ತೇನೆ. ಅವರಲ್ಲಿ ಒಬ್ಬಳಾದರೂ ಇದನ್ನು ಓದಲಿ.

ಎಂಟನೆಯ ತಿಂಗಳಲ್ಲಿ ಕಾಲೇಜು ಹುಡುಗಿಯೊಬ್ಬಳು ಅಳತೆ ಕೊಡಲು ಬಂದಳು. ನಾನು ಟೇಪು ಹಿಡಿದು ಹತ್ತಿರ ಹೋದೆ. ಅವಳು ಮುಖ ತಿರುಗಿಸಿ ಒಂದು ಹೆಜ್ಜೆ ಹಿಂದೆ ಸರಿದಳು. ಪಾಪ, ಬೇಕೆಂದು ಸರಿದದ್ದಲ್ಲ. ವಾಸನೆ ಬರುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಮುಂಚೆ ನನಗೇ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇದ್ದೆ. ಅವಳು ಹೋದ ಮೇಲೆ ಮಿಷಿನ್ನಿಗೆ ಬಟ್ಟೆ ಹೊದಿಸಿ, ಬಾಗಿಲು ಹಾಕಿಕೊಂಡು ಡಾಕ್ಟರ ಹತ್ತಿರ ಹೋದೆ.

ಭದ್ರಾವತಿಯ ಲೇಡಿ ಡಾಕ್ಟರು ಪರೀಕ್ಷೆ ಮಾಡುವಾಗ ಮೊದಮೊದಲು ಮಗಳ ವಿಷಯ ಕೇಳುತ್ತಿದ್ದರು. ನಡುವೆ ಮಾತು ನಿಲ್ಲಿಸಿದರು. ಗ್ಲೌಸ್ ತೆಗೆದು ಕೈ ತೊಳೆದು ಬಂದು, "ಎಷ್ಟು ದಿನದಿಂದ ಅಮ್ಮ?" ಎಂದರು. ಎಂಟು ತಿಂಗಳು ಎಂದೆ. ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಶಿವಮೊಗ್ಗದ ಕ್ಯಾನ್ಸರ್ ಡಾಕ್ಟರಿಗೆ ಒಂದು ಚೀಟಿ ಬರೆದುಕೊಟ್ಟರು.

ನಮ್ಮ ಮನೆಯವರ ಹೆಸರು ಬಸವರಾಜಪ್ಪ. ಬಾಯಲ್ಲಿ ಹೇಳಿ ಅಭ್ಯಾಸವಿಲ್ಲ, ಬರೆಯುವಾಗ ಪರವಾಗಿಲ್ಲ. ಕಬ್ಬಿಣದ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಪೇಂಟರ್ ಆಗಿದ್ದವರು. ಪೇಂಟರ್ ಅಂದರೆ ಚಿತ್ರ ಬಿಡಿಸುವವರಲ್ಲ. ಏಣಿ, ಕಂಬ, ಪೈಪು, ಶೆಡ್ಡು, ಕಬ್ಬಿಣ ಅನ್ನುವುದು ಎಲ್ಲಿದ್ದರೂ ಅದರ ತುಕ್ಕು ಕೆರೆದು, ಎಮರಿ ಪೇಪರ್ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹೊಡೆಯುವುದು. ಇಡೀ ಜೀವಮಾನ ತುಕ್ಕಿನ ಜೊತೆ ಜಗಳವಾಡಿದ ಮನುಷ್ಯ. ಕೆಲಸ ಬಿಟ್ಟ ಮೇಲೂ ಬೀದಿಯಲ್ಲಿ ಯಾರದೋ ಗೇಟಿಗೆ ತುಕ್ಕು ಕಂಡರೆ ನಿಂತು ಉಗುರಿನಲ್ಲಿ ಕೆರೆದು ನೋಡುತ್ತಾರೆ. ಮಾತು ಕಡಿಮೆ. ನಾಚಿಕೆ ಹೆಂಗಸರಿಗಿಂತ ಜಾಸ್ತಿ.

ಎಷ್ಟು ನಾಚಿಕೆ ಅಂದರೆ, ರಿಪೋರ್ಟಿನಲ್ಲಿ ‘ಗರ್ಭಕಂಠದ ಕ್ಯಾನ್ಸರ್’ ಎಂದು ಬರೆದಿತ್ತಲ್ಲ, ನೆರೆಮನೆಯವರು ಕೇಳಿದಾಗ ಇವರ ಬಾಯಲ್ಲಿ ‘ಗರ್ಭ’ ಬರಲಿಲ್ಲ. "ಕಂಠದ್ದು" ಎಂದುಬಿಟ್ಟರು. ಮರುದಿನ ಪಕ್ಕದ ಮನೆಯಾಕೆ ಬಿಸಿನೀರು, ಜೇನುತುಪ್ಪ ತಂದು, "ಮಾತಾಡ್ಬೇಡಿ ಗಿರಿಜಕ್ಕ, ಗಂಟ್ಲಿಗೆ ನೋವಾಗುತ್ತೆ" ಎಂದಳು. ಇವರ ಮಾನ ಉಳಿಸಲು ನಾನು ಒಂದು ತಿಂಗಳು ಬೀದಿಯಲ್ಲಿ ಪಿಸುಗುಟ್ಟಿಕೊಂಡು ಓಡಾಡಿದೆ. ಆ ದಿನಗಳಲ್ಲಿ ನನಗೆ ನಗು ಬಂದದ್ದು ಅದೊಂದಕ್ಕೇ.

ಶಿವಮೊಗ್ಗದಲ್ಲಿ ಮೂರನೆಯ ಹಂತ ಎಂದರು. ಆಪರೇಷನ್ ಮಾಡುವ ಕಾಲ ಮೀರಿದೆ, ಐದು ವಾರ ರೇಡಿಯೇಷನ್, ವಾರಕ್ಕೊಂದು ಕೀಮೋ, ಆಮೇಲೆ ಒಳಗಿನಿಂದ ಮೂರು ಸಲ ರೇಡಿಯೇಷನ್. ಡಾಕ್ಟರ್ ಮೇಡಂ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮಾತು ತೂಗಿ ಆಡುತ್ತಿದ್ದರು. "ವಾಸಿಯಾಗುತ್ತಾ?" ಎಂದು ಕೇಳಿದೆ. "ವಾಸಿ ಮಾಡ್ಬೇಕು ಅಂತಾನೇ ಕೊಡ್ತಿರೋದು" ಎಂದರು. ಆ ಉತ್ತರವನ್ನು ನಾನು ದಾರಿಯುದ್ದಕ್ಕೂ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಹೌದು ಅನ್ನುವ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಮೊದಲನೆಯ ಸೋಮವಾರ, ಇನ್ನೂ ಏನೂ ಶುರುವಾಗುವ ಮುಂಚೆ, ಬಿಳಿ ಕೋಟಿನ ಹುಡುಗಿಯೊಬ್ಬಳು ಕಾಗದ ಹಿಡಿದು ನಮ್ಮ ಪಕ್ಕ ಬಂದು ಕೂತಳು. ಹೆಸರು ಸಿಂಚನ, ಸಂಶೋಧನೆ ಮಾಡುತ್ತಿದ್ದಳು. ನನ್ನ ರಕ್ತ ಮೂರು ಸಲ ಬೇಕು, ಶುರುವಿನಲ್ಲಿ, ಐದನೆಯ ವಾರ, ಎಲ್ಲ ಮುಗಿದ ಮೇಲೆ, ಒಪ್ಪಿದರೆ ಸಹಿ ಹಾಕಿ ಎಂದಳು. ಕಾಗದದಲ್ಲಿ ‘ಉತ್ಕರ್ಷಣ ಒತ್ತಡ’ ಎಂದು ದಪ್ಪ ಅಕ್ಷರದಲ್ಲಿತ್ತು.

"ಉತ್ಕರ್ಷ ಅಂದ್ರೆ ಏಳಿಗೆ ಅಲ್ವೇನಮ್ಮಾ? ನನ್ನೊಳಗೆ ಯಾರ ಏಳಿಗೆ ಆಗ್ತಿದೆ?" ಎಂದೆ.

ಹುಡುಗಿ ನಕ್ಕಳು. "ಅಯ್ಯೋ, ಆ ಟ್ರಾನ್ಸ್‌ಲೇಷನ್ ಬಿಡಿ ಆಂಟಿ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಲ್ಲ, ಆಕ್ಸಿಡೇಷನ್ ಅಂತಾರಲ್ಲ, ಅದೇ ಥರದ್ದು ಮೈಯೊಳಗೂ ಆಗ್ತಿರುತ್ತೆ. ಈ ಕಾಯಿಲೆ ಇರೋರಲ್ಲಿ ಜಾಸ್ತಿ. ಟ್ರೀಟ್‌ಮೆಂಟ್ ಆಗ್ತಾ ಆಗ್ತಾ ಅದು ಹೇಗೆ ಏರುಪೇರಾಗುತ್ತೆ ಅಂತ ಅಳೆಯೋದು ಅಷ್ಟೇ."

ಅಳೆಯುವುದಾದರೆ ಅಳೆಯಲಿ ಎಂದು ಸಹಿ ಹಾಕಿದೆ. ಆದರೆ ಪಕ್ಕದಲ್ಲಿ ಕೂತಿದ್ದ ಇವರು ನೆಟ್ಟಗಾಗಿದ್ದರು. ಬಯಾಪ್ಸಿ, ಸ್ಟೇಜು, ಸ್ಕ್ಯಾನು ಎಂದಾಗಲೆಲ್ಲ ತಲೆ ಬಗ್ಗಿಸಿ ಕೂರುತ್ತಿದ್ದವರು, ಆಸ್ಪತ್ರೆಗೆ ಓಡಾಡತೊಡಗಿದ ಮೇಲೆ ಮೊದಲ ಸಲ ಬಾಯಿ ಬಿಟ್ಟರು.

"ತುಕ್ಕಾ?"

"ಆ ಥರ ಅಂಕಲ್. ಉದಾಹರಣೆಗೆ."

ವಾಪಸ್ಸು ಬರುವ ಬಸ್ಸಿನಲ್ಲಿ ಮಾಚೇನಹಳ್ಳಿ ದಾಟಿದ ಮೇಲೆ ಮೆಲ್ಲಗೆ, "ತುಕ್ಕು ಅಂದ್ರೆ ನಂಗೊತ್ತು ಕಣೇ. ಬಿಟ್ರೆ ತಿಂದ್ಕೊಂಡು ಹೋಗುತ್ತೆ. ತಡೆದ್ರೆ ನಿಲ್ಲುತ್ತೆ" ಎಂದರು. ನಾನು ಧೈರ್ಯ ಹೇಳುತ್ತಿದ್ದಾರೆ ಎಂದುಕೊಂಡೆ. ಹೂಂ ಎಂದೆ.

ನಮ್ಮ ಕಡೆ ರೇಡಿಯೇಷನ್ನಿಗೆ ‘ಕರೆಂಟು’ ಎನ್ನುತ್ತಾರೆ. ಕಾಯುವ ಜಾಗದಲ್ಲಿ ಹೆಸರು, ಊರು ಕೇಳುವ ಮುಂಚೆ "ಎಷ್ಟನೇ ಕರೆಂಟು ನಿಮ್ದು?" ಎಂದು ಕೇಳುತ್ತಾರೆ. ಅಲ್ಲಿ ಒಂದು ನಿಯಮವಿತ್ತು. ಕರೆಂಟು ಕೊಡುವಾಗ ಮೂತ್ರಕೋಶ ತುಂಬಿರಬೇಕು, ಆಗ ಕರುಳು ಪಕ್ಕಕ್ಕೆ ಸರಿಯುತ್ತದಂತೆ. ಹಾಗಾಗಿ ಹದಿನೈದು ಹೆಂಗಸರು ಬಾಟಲಿಗಟ್ಟಲೆ ನೀರು ಕುಡಿದು, ಕಾಲು ಹೆಣೆದುಕೊಂಡು, ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿರಬೇಕು. ತಡೆಯಲಾರದೆ ಎದ್ದು ಹೋದವರು ಮತ್ತೆ ಮೊದಲಿನಿಂದ ಕುಡಿದು ಸಾಲಿನ ಕೊನೆಗೆ ಬರಬೇಕು.

ಗಂಗಮ್ಮ ಪರಿಚಯವಾದದ್ದು ಅಲ್ಲೇ. ಹೊಳೆಹೊನ್ನೂರಿನ ಕಡೆಯವಳು, ಗದ್ದೆ ಕೆಲಸ ಮಾಡಿ ಗಟ್ಟಿಯಾದ ಹೆಂಗಸು, ನನಗಿಂತ ಆರೇಳು ವರ್ಷ ದೊಡ್ಡವಳು, ನನ್ನದೇ ಕಾಯಿಲೆ, ನನ್ನದೇ ಹಂತ. ಎರಡನೆಯ ವಾರ ಒಂದು ದಿನ ನಾವೆಲ್ಲ ತುಂಬಿಕೊಂಡು ಕೂತಿರುವಾಗ ಮಿಷಿನ್ ಕೆಟ್ಟಿತು, ಇನ್ನರ್ಧ ಗಂಟೆ ಎಂದರು. ಗಂಗಮ್ಮ ಜೋರಾಗಿ, "ಯಮ ಕರೀತಾನೆ ಅಂತ ಹೆದ್ರಿಕೊಂಡು ಬಂದ್ವಿ ಮಾರಾಯ್ತಿ, ಇಲ್ಲಿ ನೋಡಿದ್ರೆ ಉಚ್ಚೆ ಕರೀತಿದೆ!" ಎಂದಳು. ನಕ್ಕಿದ್ದಕ್ಕೆ ಮೂವರು ಎದ್ದು ಓಡಬೇಕಾಯಿತು. ಅವತ್ತು ನಾವು ಮನೆ ಸೇರುವಾಗ ಸಂಜೆಯಾಗಿತ್ತು.

ಒಳಗೆ ತಣ್ಣಗಿರುತ್ತದೆ. ಸೊಂಟದ ಎರಡೂ ಕಡೆ, ಹೊಟ್ಟೆಯ ಮೇಲೆ ನೇರಳೆ ಬಣ್ಣದ ಗುರುತು ಹಾಕಿದ್ದರು, ಸೋಪು ತಾಕಿಸುವ ಹಾಗಿಲ್ಲ. ನಾನು ಬಟ್ಟೆಯ ಮೇಲೆ ಚಾಕ್‌ಪೀಸಿನಲ್ಲಿ ಹಾಕುವ ಗುರುತಿನ ಹಾಗೇ ಇದ್ದವು. ಮಿಷಿನ್ ಸುತ್ತುವಾಗ ಏನೂ ನೋವಿಲ್ಲ. ಅಲ್ಲಿನ ಟೆಕ್ನಿಷಿಯನ್ ಹುಡುಗಿ ನನ್ನ ಸೊಂಟ ಸರಿಪಡಿಸುವ ಮುಂಚೆ ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಾರರು. ಅವಳ ಕೈಗಳನ್ನು ನಾನು ದಿನಾ ಕಾಯುತ್ತಿದ್ದೆ.

ನೋವು ಆಮೇಲೆ ಬಂತು. ಎರಡನೆಯ ವಾರದಿಂದ ಭೇದಿ. ಶಿವಮೊಗ್ಗದಿಂದ ಭದ್ರಾವತಿಗೆ ಮುಕ್ಕಾಲು ಗಂಟೆಯ ದಾರಿ, ಅದು ನನಗೆ ದೇಶಾಂತರ ಹೋದ ಹಾಗಾಗುತ್ತಿತ್ತು. ಸೀಟಿನ ಕೆಳಗೆ ಒಂದು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡಿರುತ್ತಿದ್ದೆ. ಒಂದು ಸಲ ಅದು ಬೇಕಾಯಿತು. ಕಂಡಕ್ಟರ್ ಗಾಡಿ ನಿಲ್ಲಿಸಿ, ಯಾರ ಮುಖವನ್ನೂ ನೋಡದೆ, "ಎಲ್ರೂ ಈ ಕಡೆ ಕಿಟಕಿ ನೋಡ್ರಪ್ಪಾ" ಎಂದ. ಬಸ್ಸಿನವರೆಲ್ಲ ಆ ಕಡೆ ತಿರುಗಿ ಕೂತರು. ಮೂತ್ರ ಮಾಡುವಾಗ ಮೆಣಸಿನಪುಡಿ ಹಾಕಿದಂತೆ ಉರಿ. ಕಿವಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಕೀಮೋ ಶುರುವಾದ ಮೇಲೆ ನಾಲಿಗೆ ಸತ್ತಿತು. ಅನ್ನ, ಸಾರು, ನೀರು, ಏನು ಬಾಯಿಗಿಟ್ಟರೂ ಕಬ್ಬಿಣ ಚೀಪಿದಂತೆ. "ಈಗ ನಿಮ್ಮ ಕಾರ್ಖಾನೆ ರುಚಿ ಗೊತ್ತಾಯ್ತು ನೋಡಿ" ಎಂದು ಇವರಿಗೆ ಹೇಳಿದೆ. ಅವರು ನಗಲಿಲ್ಲ.

ಬೆಳಿಗ್ಗೆ ರಾಗಿ ಗಂಜಿಯೊಂದು ಒಳಗೆ ಇಳಿಯುತ್ತಿತ್ತು. ಅದನ್ನು ಇವರೇ ಮಾಡುತ್ತಿದ್ದರು. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಒಲೆ ಹಚ್ಚದ ಮನುಷ್ಯ, ಗಂಟಾಗದ ಹಾಗೆ ಗಂಜಿ ಕಾಯಿಸುವುದನ್ನು ಕಲಿತು, ಲೋಟಕ್ಕೆ ಹಾಕಿ, ಚಮಚದಲ್ಲಿ ಬಹಳ ಹೊತ್ತು ತಿರುಗಿಸಿ ತಂದುಕೊಡುತ್ತಿದ್ದರು. ನಾನು ಕುಡಿದು ಮುಗಿಸುವವರೆಗೆ ಎದುರಿಗೆ ನಿಂತಿರುತ್ತಿದ್ದರು. ನನಗೆ ಕಣ್ಣು ತುಂಬುತ್ತಿತ್ತು. ಇದೊಂದು ಕಾಯಿಲೆ ಬರದಿದ್ದರೆ ಈ ಮನುಷ್ಯ ನನಗೆ ಗೊತ್ತಾಗುತ್ತಲೇ ಇರಲಿಲ್ಲ ಎಂದುಕೊಳ್ಳುತ್ತಿದ್ದೆ.

ಐದನೆಯ ವಾರದ ಸೋಮವಾರ ಸಿಂಚನ ಎರಡನೆಯ ಸಲ ರಕ್ತ ತೆಗೆಯಲು ಬಂದಳು. ಅವಳ ಕಾಗದದಲ್ಲಿ ಪ್ರಶ್ನೆಗಳಿದ್ದವು.

"ವಿಟಮಿನ್ ಮಾತ್ರೆ, ನಾಟಿ ಔಷಧಿ, ಪೌಡರ್ ಏನಾದ್ರೂ ತಗೋತಿದೀರಾ ಆಂಟಿ?"

"ಇಲ್ಲಮ್ಮಾ. ಗಂಜಿ ಒಂದೇ."

ಅವಳು ಇಲ್ಲ ಎಂದು ಬರೆದುಕೊಂಡಳು. ಪಕ್ಕದಿಂದ ಇವರು, "ಪೌಡ್ರು ಅಂದ್ರೆ ಎಂಥದ್ದು?" ಎಂದರು. ಆ ದನಿ ಕೇಳಿ ನಾನು ತಿರುಗಿ ನೋಡಿದೆ. ಮುಖದಲ್ಲಿ ರಕ್ತವಿರಲಿಲ್ಲ.

ಕಾರ್ಖಾನೆಯಲ್ಲಿ ಜೊತೆಗಿದ್ದ ಮುರುಗೇಶ್ ಎಂಬವರು ಒಂದು ಪುಡಿ ಮಾರುತ್ತಿದ್ದರು. ಮೋಸಗಾರರಲ್ಲ, ತಾವೂ ತಿನ್ನುತ್ತಿದ್ದರು. ಡಬ್ಬದ ಮೇಲೆ ‘ಆಂಟಿ ಆಕ್ಸಿಡೆಂಟ್’ ಎಂದು ಬರೆದಿತ್ತಂತೆ. ಇವರಿಗೆ ಬೇರೆ ಯಾವ ಇಂಗ್ಲಿಷ್ ಬರದಿದ್ದರೂ ‘ಆಕ್ಸೈಡ್’ ಗೊತ್ತು, ‘ಆಂಟಿ’ ಗೊತ್ತು. ಡಬ್ಬಗಟ್ಟಲೆ ‘ಆಂಟಿ ರಸ್ಟ್’ ಬಳಿದ ಕೈ. ಹೆಂಡತಿಗೆ ತುಕ್ಕು ಹಿಡಿದಿದೆ ಎಂದು ಆಸ್ಪತ್ರೆಯವರೇ ಹೇಳಿದ್ದಾರೆ, ತುಕ್ಕು ನಿಲ್ಲಿಸುವ ಪುಡಿ ಗೆಳೆಯನ ಮನೆಯಲ್ಲಿದೆ. ನನಗೆ ಹೇಳಿದರೆ ಬೇಡ ಅನ್ನುತ್ತೇನೆ ಎಂದು ಗಂಜಿಗೆ ಬೆರೆಸಿದರು. ಕಬ್ಬಿಣದ ರುಚಿಯಾಗಿದ್ದ ನಾಲಿಗೆಗೆ ಏನೂ ಗೊತ್ತಾಗಲಿಲ್ಲ.

ಇವರು ಹೇಳಿದ್ದನ್ನು ಸಿಂಚನ ಹೋಗಿ ತಿಳಿಸಿದ ಮೇಲೆ ಡಾಕ್ಟರ್ ಮೇಡಂ ನಮ್ಮಿಬ್ಬರನ್ನೂ ಒಳಗೆ ಕರೆದರು. ದನಿ ಏರಿಸಲಿಲ್ಲ.

"ಯಜಮಾನ್ರೇ, ನಿಮಗೆ ಅರ್ಥ ಆಗೋ ಹಾಗೇ ಹೇಳ್ತೀನಿ. ಈ ಕರೆಂಟು ಕೆಲಸ ಮಾಡೋದೇ ಹಾಗೆ. ಆ ಗಡ್ಡೆಗೆ ನಾವು ಬೇಕು ಅಂತಾನೇ ತುಕ್ಕು ಹಿಡಿಸ್ತಾ ಇದೀವಿ, ಅದು ತಿಂದು ಹೋಗ್ಲಿ ಅಂತ. ನೀವು ಮನೇಲಿ ಕೂತು ಅದಕ್ಕೆ ಪೇಂಟ್ ಹೊಡೀತಿದೀರಿ."

ಇವರು ಎದ್ದು ನಿಂತರು. ಸಾಹೇಬರ ಮುಂದೆ ನಿಲ್ಲುವ ಹಾಗೆ, ಎರಡೂ ಕೈ ಮುಂದೆ ಕಟ್ಟಿ.

"ಎಷ್ಟು ದಿನ ಕೊಟ್ರಿ?"

"ಹತ್ತು ದಿನ" ಎಂದರು ಇವರು.

ಮೇಡಂ ಬರೆದುಕೊಂಡರು. ಇವತ್ತಿಗೆ ನಿಲ್ಲಿಸಿ, ಡಾಕ್ಟರಿಗೆ ಹೇಳದೆ ಒಂದು ಚಿಟಿಕೆಯೂ ಕೊಡಬೇಡಿ ಎಂದರು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಭಯಕ್ಕಿಂತ ಸಿಟ್ಟು ಜಾಸ್ತಿ. ಆ ಗಂಜಿ ಲೋಟ ನೋಡಿ ಅತ್ತಿದ್ದೆನಲ್ಲ ಎಂಬ ಸಿಟ್ಟು. ಮನೆಗೆ ಬಂದು ಡಬ್ಬವನ್ನು ಬಚ್ಚಲಿಗೆ ಸುರಿದೆ. ಮರುದಿನದಿಂದ ನನ್ನ ಗಂಜಿ ನಾನೇ ಕಾಯಿಸಿಕೊಂಡೆ. ನಿಲ್ಲಲಾಗದೆ ಸ್ಟೂಲು ಎಳೆದುಕೊಂಡು ಒಲೆ ಮುಂದೆ ಕೂತು ಕಾಯಿಸುತ್ತಿದ್ದೆ. ಅವರು ಬಾಗಿಲಲ್ಲಿ ನಿಂತಿರುತ್ತಿದ್ದರು. ಒಳಗೆ ಬನ್ನಿ ಎಂದು ನಾನು ಕರೆಯಲಿಲ್ಲ.

ಒಳಗಿನ ಕರೆಂಟಿನ ಬಗ್ಗೆ ಹೆಚ್ಚು ಬರೆಯಲಾರೆ. ಬೆನ್ನಿಗೆ ಸೂಜಿ, ಎರಡು ಕಾಲು ಎತ್ತಿ ಕಟ್ಟುವುದು, ಒಳಗೆ ಕಬ್ಬಿಣದ ಕೊಳವೆಗಳು, ಅವು ಜಾರದ ಹಾಗೆ ಮಾರುಗಟ್ಟಲೆ ಬಟ್ಟೆ ತುರುಕುವುದು. ಎಲ್ಲ ಮುಗಿದ ಮೇಲೆ ಆ ಬಟ್ಟೆ ಎಳೆಯುತ್ತಾರೆ. ಹೆರಿಗೆಯಲ್ಲಿ ಕೂಗದವಳು ಅಲ್ಲಿ ಕೂಗಿದೆ. ನರ್ಸೊಬ್ಬರು ನನ್ನ ಬಾಯಿ ಹತ್ತಿರ ತಮ್ಮ ಕೈ ತಂದು, "ಕಚ್ಚಿ ಅಮ್ಮಾ, ಪರ್ವಾಗಿಲ್ಲ" ಎಂದರು. ಕಚ್ಚಲಿಲ್ಲ, ಹಿಡಿದುಕೊಂಡೆ. ಹೀಗೆ ಮೂರು ಸಲ. ಎಲ್ಲ ಮುಗಿದ ದಿನ ಕೈಗೆ ಒಂದು ಪ್ಲಾಸ್ಟಿಕ್ಕಿನ ಕಡ್ಡಿಯಂಥದ್ದು ಕೊಟ್ಟು, ಒಳಗೆ ಅಂಟಿಕೊಂಡು ಮುಚ್ಚಿಹೋಗದ ಹಾಗೆ ದಿನಾ ಬಳಸಬೇಕು ಎಂದರು. ಅದನ್ನು ಯಾರಿಗೂ ತೋರಿಸದೆ ನೂಲಿನ ಉಂಡೆಗಳ ಡಬ್ಬದಲ್ಲಿ ಅಡಗಿಸಿಟ್ಟೆ. ಒಂದು ತಿಂಗಳು ಮುಟ್ಟಲಿಲ್ಲ. ಮುಟ್ಟಬೇಕಿತ್ತು. ಇದನ್ನು ಓದುವವರಿಗೆ ಹೇಳುತ್ತಿದ್ದೇನೆ, ಕೊಟ್ಟದ್ದನ್ನು ಬಳಸಿ, ನಾಚಿಕೆಪಡಬೇಡಿ.

ಮೂರು ತಿಂಗಳು ಬಿಟ್ಟು ಸ್ಕ್ಯಾನ್ ಮಾಡಿದರು. ಫಲಿತಾಂಶದ ದಿನ ಇವರು ಆಧಾರ್ ಜೆರಾಕ್ಸ್ ತರಲು ಕೆಳಗೆ ಹೋಗಿದ್ದರು, ನನ್ನ ಹೆಸರು ಬೇಗ ಕರೆದರು, ಒಬ್ಬಳೇ ಒಳಗೆ ಹೋದೆ. ಗಡ್ಡೆ ಮುಕ್ಕಾಲು ಪಾಲು ಕರಗಿದೆ. ಪೂರ್ತಿ ಹೋಗಿಲ್ಲ.

ಕೇಳಬಾರದು ಎಂದುಕೊಂಡೇ ಕೇಳಿದೆ. "ಮೇಡಂ, ಆ ಪುಡಿಯಿಂದಾನಾ?"

ಮೇಡಂ ರಿಪೋರ್ಟು ಮಡಿಸಿಟ್ಟರು. "ಹೇಳಕ್ಕಾಗಲ್ಲ ಗಿರಿಜಮ್ಮ. ಬಂದಾಗ್ಲೇ ಬೆಳೆದಿತ್ತು. ಎಂಟು ತಿಂಗಳು ತಡವಾಗಿ ಬಂದ್ರಿ. ಏನೂ ತಗೊಳ್ದೆ ಇದ್ದೋರಿಗೂ ಹೀಗಾಗುತ್ತೆ. ಹತ್ತು ದಿನಕ್ಕೆ ಅಷ್ಟೊಂದು ಆಗಿರುತ್ತಾ ಅಂದ್ರೆ, ಆಗಿರ್ಲಿಕ್ಕಿಲ್ಲ ಅನ್ಸುತ್ತೆ. ಆದ್ರೆ ಆಗಿಲ್ಲ ಅಂತ ನಾನು ಬರ್ದುಕೊಡಕ್ಕಾಗಲ್ಲ. ಯಾರಿಗೂ ಆಗಲ್ಲ."

ಹೊರಗೆ ಬಂದಾಗ ಇವರು ಜೆರಾಕ್ಸ್ ಕಾಗದ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ನನ್ನ ಮುಖ ನೋಡಿದವರೇ ಅಲ್ಲೇ ನಿಂತರು. ಕಾಗದ ಕೈಯಲ್ಲಿ ಮುದುಡಿಹೋಯಿತು. ಏನೆಂದರು ಎಂದು ಕೇಳಲಿಲ್ಲ. ನಾನೇ ಹೇಳಿದೆ.

"ಸ್ವಲ್ಪ ಉಳಿದಿದೆಯಂತೆ. ಪುಡಿ ವಿಷ್ಯ ಕೇಳ್ದೆ. ಅದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ ಅಂದ್ರು."

"ಸಂಬಂಧಾನೇ ಇಲ್ಲ ಅಂದ್ರಾ?"

"ಇಲ್ವಂತೆ."

ಅವರು ತಲೆಯಾಡಿಸಿದರು. ಸುಳ್ಳು ಹೇಳುವಾಗ ನನಗೆ ಅವರ ಮೇಲೆ ಪ್ರೀತಿ ಉಕ್ಕಿತ್ತು ಎಂದೇನೂ ಅಲ್ಲ. ಉಳಿದದ್ದಕ್ಕೆ ಇನ್ನೂ ಆರು ಕೀಮೋ ಬೇಕು ಎಂದಿದ್ದರು. ಈ ಮನುಷ್ಯ ಕುಸಿದರೆ ನನ್ನನ್ನು ಬಸ್ಸು ಹತ್ತಿಸುವವರು ಯಾರು ಎಂದು ಲೆಕ್ಕ ಹಾಕಿದೆ. ಅದರ ಕೆಳಗೆ ಪ್ರೀತಿ ಇತ್ತೇನೋ, ಅವತ್ತು ಕಾಣಲಿಲ್ಲ.

ಆರು ಕೀಮೋ ಆಯಿತು. ಕೂದಲು ಹೋಯಿತು. ಬೆರಳ ತುದಿಗಳು ಮರಗಟ್ಟಿದವು, ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯಾಕೆಯನ್ನು ಕರೆಯಬೇಕು. ಅವಳಿಗೆ ಈಗ ಅದು ಗಂಟಲಲ್ಲ ಎಂದು ಗೊತ್ತು, ನಾನೇ ಹೇಳಿದೆ. ಹೇಳಿದ ಮೇಲೆ ಅವಳು, "ನಂಗೂ ಒಂದ್ಸಲ ತೋರಿಸ್ಕೋಬೇಕು ಅಕ್ಕಾ" ಎಂದಳು. ಇಬ್ಬರೂ ಹೋಗಿ ಬಂದೆವು, ಅವಳಿಗೆ ಏನೂ ಇಲ್ಲ. ಹೊಳಲೂರಿನ ಅಕ್ಕ ಪರೀಕ್ಷೆಗೆ ಬರಲಿಲ್ಲ. ಬಂದು ನನ್ನ ಕಾಲಿನ ಹತ್ತಿರ ಕೂತು ಅತ್ತು ಹೋದಳು, ಅಷ್ಟೇ.

ಗಂಗಮ್ಮ ಹೋದ ವರ್ಷ ತೀರಿಕೊಂಡಳು. ಒಂದು ದಿನವೂ ತಪ್ಪಿಸದೆ ಬಂದವಳು, ಡಾಕ್ಟರು ಹೇಳಿದ್ದು ಬಿಟ್ಟು ಒಂದು ಎಲೆಯನ್ನೂ ಬಾಯಿಗೆ ಹಾಕದವಳು. ಸುದ್ದಿ ಕೇಳಿದಾಗ ದುಃಖದ ಜೊತೆಗೇ ಒಂದು ಹೊಲಸು ಸಮಾಧಾನ ಬಂತು. ನೋಡು, ಪುಡಿ ತಿನ್ನದವಳು ಹೋದಳು, ತಿಂದವಳು ಇದ್ದೇನೆ, ಹಾಗಾದರೆ ಪುಡಿಯದಲ್ಲ ಎಂದು. ಸತ್ತವಳನ್ನು ಸಾಕ್ಷಿ ಮಾಡಿಕೊಂಡೆನಲ್ಲ ಎಂದು ಆಮೇಲೆ ಬಹಳ ಹೊತ್ತು ಅತ್ತೆ.

ನನ್ನ ಗಡ್ಡೆ ಈಗ ಬೆಳೆಯುತ್ತಿಲ್ಲ, ಹೋಗಿಯೂ ಇಲ್ಲ. ಮೂರು ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗಿ ಅದರ ಅಳತೆ ತೆಗೆಸಿಕೊಂಡು ಬರುತ್ತೇವೆ. ಕರೆಂಟಿನಿಂದ ಮೂತ್ರಕೋಶ ಸುಟ್ಟಿರುವುದರಿಂದ ಆಗಾಗ ಮೂತ್ರದಲ್ಲಿ ಕೆಂಪು ಕಾಣುತ್ತದೆ. ಕಂಡಾಗಲೆಲ್ಲ ಮೊದಲ ದಿನದ ಲಂಗದ ಕಲೆ ನೆನಪಾಗಿ ಬಚ್ಚಲ ಗೋಡೆ ಹಿಡಿದು ನಿಲ್ಲುತ್ತೇನೆ. ವಾಸಿಯಾಯಿತಾ ಎಂದು ಕೇಳುವವರಿಗೆ ಇದ್ದೇನೆ ಎನ್ನುತ್ತೇನೆ.

ಇಷ್ಟನ್ನು ಹಳೆಯ ಅಳತೆ ಪುಸ್ತಕಗಳ ಖಾಲಿ ಹಾಳೆಗಳಲ್ಲಿ ಬರೆದೆ. ಬರೆದು ಮುಗಿಸಿದ ಮೇಲೆ ಇವರಿಗೆ ಕೊಡದೆ ಬೇರೆ ಯಾರಿಗೂ ಕೊಡುವುದು ಸರಿಯಲ್ಲ ಅನ್ನಿಸಿತು. ನಾನು ಮೆಟ್ಟಿಲ ಹತ್ತಿರ ಹೇಳಿದ ಸುಳ್ಳೂ ಅದರಲ್ಲಿದೆ. ಇವತ್ತಲ್ಲ ನಾಳೆ ಯಾರಾದರೂ ಓದಿ ಹೇಳುವ ಬದಲು ಅವರೇ ಓದಲಿ ಎಂದು ಕನ್ನಡಕದ ಜೊತೆ ಟೇಬಲ್ಲಿನ ಮೇಲಿಟ್ಟು, ನಾನು ಮಿಷಿನ್ ಮುಂದೆ ಕೂತೆ. ಹೊಲಿಯಲಿಲ್ಲ, ಕಾಲು ಆಡಿಸುತ್ತಿದ್ದೆ.

ಬಹಳ ಹೊತ್ತಾದ ಮೇಲೆ ಬಂದರು. ಹಾಳೆಗಳನ್ನು ನನ್ನ ಮುಂದಿಟ್ಟು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ತಿರುವಿ ನೋಡಿದೆ. ಸುಳ್ಳಿನ ಜಾಗದಲ್ಲಿ ಏನೂ ಗುರುತಿರಲಿಲ್ಲ. ಅದಕ್ಕೂ ಹಿಂದಿನ ಹಾಳೆಯಲ್ಲಿ, ‘ಹತ್ತು ದಿನ’ ಎಂದು ಬರೆದಿದ್ದೆನಲ್ಲ, ಆ ಹತ್ತನ್ನು ನನ್ನ ಪೆನ್ಸಿಲಿನಲ್ಲೇ ಹೊಡೆದುಹಾಕಿ ಪಕ್ಕದಲ್ಲಿ ‘ಇಪ್ಪತ್ತಾರು’ ಎಂದು ಬರೆದಿದ್ದರು. ಗುಂಡಗಿನ ಅಕ್ಷರ, ಒತ್ತಿ ಬರೆದದ್ದರಿಂದ ಹಾಳೆ ಸ್ವಲ್ಪ ಹರಿದಿತ್ತು.

ಹೊರಗೆ ಹೋದೆ. "ಇದೇನ್ರೀ?"

"ಅವತ್ತು ಹೆದ್ರಿಕೊಂಡು ಹತ್ತು ಅಂದೆ." ಅವರು ನನ್ನನ್ನು ನೋಡಲಿಲ್ಲ, ಗೇಟನ್ನು ನೋಡುತ್ತಿದ್ದರು. "ಮೊದಲ್ನೇ ವಾರದ ಗುರುವಾರದಿಂದ ಕೊಟ್ಟೆ. ಮೇಡಂ ನಿಂಗೆ ಹಾಗೆ ಹೇಳಿರಲ್ಲ ಅಂತ ಆವಾಗ್ಲೇ ಗೊತ್ತಿತ್ತು ಗಿರಿಜಾ. ನೀನು ನನ್ನನ್ನ ಉಳಿಸ್ಕೊಂಡೆ. ಆದ್ರೆ ನೀನು ಮಾಫಿ ಮಾಡಿದ್ದು ಹತ್ತು ದಿನದ್ದು. ಉಳಿದ ಹದಿನಾರು ದಿನದ್ದು ನನ್ ಹತ್ರಾನೇ ಇದೆ."

ಮೇಡಂ ಹೇಳಿದ್ದು ಕಿವಿಯಲ್ಲಿತ್ತು, ಹತ್ತು ದಿನಕ್ಕೆ ಅಷ್ಟೊಂದು ಆಗಿರಲಿಕ್ಕಿಲ್ಲ ಎಂದು. ಎರಡು ವರ್ಷ ನಾನು ಒರಗಿಕೊಂಡಿದ್ದ ಗೋಡೆ ಅದೊಂದೇ. ಇಪ್ಪತ್ತಾರಕ್ಕೆ ಏನಾಗಿರುತ್ತದೆ ಎಂದು ಕೇಳಲು ನನಗೆ ಧೈರ್ಯವಿಲ್ಲ, ಇವತ್ತಿಗೂ ಕೇಳಿಲ್ಲ. ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ನನ್ನ ಜೀವದ ಮೇಲೆ ಕೈಯಿಟ್ಟರಲ್ಲ ಎಂಬ ಸಿಟ್ಟು ಮತ್ತೆ ಮತ್ತೆ ಬರುತ್ತಿತ್ತು. ಎಂಟು ತಿಂಗಳು ಚುಕ್ಕೆ ಇಟ್ಟುಕೊಂಡು ಕೂತ ಕೈ ಯಾರದು ಎಂಬುದೂ ಅದರ ಜೊತೆಗೇ ಬರುತ್ತಿತ್ತು. ಅದನ್ನು ಯಾರು ಹೊಡೆದುಹಾಕಿ ತಿದ್ದುತ್ತಾರೆ? ‘ಹತ್ತು’ ಎಂದು ಬರೆದ ಕಡೆ ನಾನು ತಿದ್ದಿಲ್ಲ. ಅವರು ತಿದ್ದಿದ್ದನ್ನು ಇಲ್ಲಿ ಹೇಳಿದ್ದೇನೆ.

ಮೂರನೆಯ ದಿನ ಶಿವಮೊಗ್ಗಕ್ಕೆ ಹೋಗಬೇಕಿತ್ತು, ಅಳತೆಯ ದಿನ. ಬೆಳಿಗ್ಗೆ ಎದ್ದು ಅಡಿಗೆಮನೆಗೆ ಹೋದೆ. ಸ್ಟೂಲು ಎಳೆದು ಕೂತೆ. ಅವರು ಎರಡು ವರ್ಷದಿಂದ ನಿಲ್ಲುವ ಜಾಗದಲ್ಲಿ, ಬಾಗಿಲ ಹೊರಗೇ ನಿಂತಿದ್ದರು. ನಾನು ರಾಗಿಹಿಟ್ಟಿನ ಡಬ್ಬ ತೆಗೆದವಳು, ಮುಚ್ಚಳ ಬಿಚ್ಚದೆ ಕಟ್ಟೆಯ ಮೇಲಿಟ್ಟು ಎದ್ದೆ.

"ಇವತ್ತು ಗಂಜಿ ನೀವೇ ಮಾಡಿ" ಎಂದು ಹೇಳಿ ಹೊರಗೆ ಬಂದು ಕೂತೆ.

ಒಳಗೆ ಪಾತ್ರೆಯ ಸದ್ದು, ಚಮಚ ತಿರುಗಿಸುವ ಸದ್ದು ಬಹಳ ಹೊತ್ತು ಕೇಳಿಸಿತು. ಎದ್ದು ಹೋಗಿ ಇಣುಕಿ ನೋಡಲಿಲ್ಲ. ಲೋಟ ತಂದು ಕೈಗೆ ಕೊಟ್ಟರು. ಒಳಗೆ ಏನಿದೆ ಎಂದು ನೋಡದೆ ಕುಡಿದೆ. ಉಪ್ಪು ಜಾಸ್ತಿಯಾಗಿತ್ತು. ಹಾಗೆಂದು ಹೇಳಿದೆ.